ಅದುಮಿಸಿಕೊಳ್ಳುವ ಉದ್ಯೋಗ

ಕಾರು ನೋಡಲು ಹೋದವರು ಬಾಗಿಲನ್ನು ಒಮ್ಮೆಯಾದರೂ ತೆರೆದು ಮುಚ್ಚುತ್ತಾರೆ. ‘ಧಪ್’ ಎಂದರೆ ತಲೆದೂಗುತ್ತಾರೆ, ‘ಠಣ್’ ಎಂದರೆ ಮುಖ ಸಿಂಡರಿಸುತ್ತಾರೆ. ಆ ಧಪ್ಪಿನ ಹೊಗಳಿಕೆಯೆಲ್ಲ ತಗಡಿಗೆ, ಲಾಕಿಗೆ, ಕಂಪನಿಯ ಹೆಸರಿಗೆ ಸಂದುಬಿಡುತ್ತದೆ. ತಗಡಿಗೆ ತಗಡು ಬಡಿಯದ ಹಾಗೆ ನಡುವೆ ನಿಂತು ಏಟು ನುಂಗಿದ ಕಪ್ಪು ರಬ್ಬರ್ ಬೀಡಿಂಗನ್ನು ಕೇಳುವವರಿಲ್ಲ. ಮಳೆಯಲ್ಲಿ ಕಾಲಡಿಯ ಮ್ಯಾಟ್ ಒದ್ದೆಯಾದ ದಿನ ಮಾತ್ರ ಎಲ್ಲರ ಬೆರಳೂ ಮೊದಲು ತಿರುಗುವುದು ಅದರ ಕಡೆಗೇ.

ಅದರ ಕೆಲಸ ವಿಚಿತ್ರವಾದದ್ದು. ಯಂತ್ರದ ಬೇರೆ ಭಾಗಗಳೆಲ್ಲ ಬಗ್ಗದೆ ನಿಂತು ಮರ್ಯಾದೆ ಗಳಿಸಿದರೆ, ಇದು ಬಗ್ಗಿಯೇ ಬದುಕಬೇಕು. ಬಾಗಿಲು ಹಾಕಿದಾಗ ಚಪ್ಪಟೆಯಾಗಬೇಕು, ತೆಗೆದಾಗ ಮತ್ತೆ ದುಂಡಗಾಗಬೇಕು. ಬೀಡಿಂಗನ್ನು ಅಡ್ಡ ಕೊಯ್ದು ನೋಡಿದರೆ ಎರಡು ಸ್ವಭಾವದ ರಬ್ಬರು ಕಾಣುತ್ತದೆ. ಬುಡದಲ್ಲಿ ಗಟ್ಟಿಯಾದ ‘ಯು’ ಆಕಾರದ ಹಿಡಿ. ಅದರೊಳಗೆ ಲೋಹದ ತೆಳ್ಳನೆಯ ಎಲುಬು ಇರುವುದರಿಂದ ಅದು ಬಾಡಿಯ ತಗಡಿನ ಅಂಚನ್ನು ಕಚ್ಚಿಕೊಂಡಿರುತ್ತದೆ. ಅದರ ಮೇಲೆ ಸ್ಪಂಜಿನ ಜಾತಿಯ ಟೊಳ್ಳು ಕೊಳವೆ. ಕೊಳವೆಯ ಉದ್ದಕ್ಕೂ ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ. ಅದುಮಿದಾಗ ಒಳಗಿನ ಗಾಳಿ ಹೊರಗೆ ಹೋಗುವುದಕ್ಕೆ ಕಾರ್ಖಾನೆಯಲ್ಲೇ ಮಾಡಿದ ತೂತುಗಳವು. ಇದನ್ನು ಹರಕು ಎಂದು ತಿಳಿದು ಅಂಟು ತುಂಬಿ ಮುಚ್ಚುವ ಉತ್ಸಾಹಿಗಳಿದ್ದಾರೆ. ಮುಚ್ಚಿದ ಮೇಲೆ ಗಾಳಿ ಸಿಕ್ಕಿಕೊಂಡು ಬಾಗಿಲು ಪುಟಿಯತೊಡಗುತ್ತದೆ. ಆಗ ಲಾಕ್ ಕೆಟ್ಟಿದೆ ಎಂದು ಅದನ್ನು ಬಿಚ್ಚುತ್ತಾರೆ.

ಈಗಿನ ಕಾರುಗಳಲ್ಲಿ ಈ ರಬ್ಬರು ಬಹುಮಟ್ಟಿಗೆ ಇಪಿಡಿಎಂ ಎಂಬ ಕೃತಕ ಜಾತಿಯದು. ನೈಸರ್ಗಿಕ ರಬ್ಬರಿನ ಅಣುಸರಪಳಿಯ ಉದ್ದಕ್ಕೂ ಜೋಡಿಬಂಧಗಳಿರುತ್ತವೆ. ಗಾಳಿಯಲ್ಲಿರುವ ಓಝೋನ್ ಅಲ್ಲಿಯೇ ಬಾಯಿ ಹಾಕಿ ಸರಪಳಿಯನ್ನು ತುಂಡರಿಸುತ್ತದೆ. ಹಳೆಯ ರಬ್ಬರಿನ ಮೇಲೆ ಕಾಣುವ ಸಣ್ಣ ಸಣ್ಣ ಬಿರುಕುಗಳು ಹಾಗೆ ಹುಟ್ಟಿದವು. ಇಪಿಡಿಎಂನ ಮುಖ್ಯ ಸರಪಳಿಯಲ್ಲಿ ಅಂಥ ಜೋಡಿಬಂಧಗಳಿಲ್ಲ, ಆದ್ದರಿಂದ ಓಝೋನಿಗೆ ಹಿಡಿಯಲು ಜಾಗವಿಲ್ಲ. ಬಿಸಿಲಿನ ನೇರಳಾತೀತ ಕಿರಣವನ್ನು ಅದರಲ್ಲಿ ಬೆರೆಸಿದ ಇಂಗಾಲದ ಕಪ್ಪುಪುಡಿ ಹೀರಿಕೊಳ್ಳುತ್ತದೆ. ಮಳೆ, ಬಿಸಿಲು, ಚಳಿ ಎಲ್ಲಕ್ಕೂ ಜಗ್ಗದ ಈ ರಬ್ಬರು ಸೋಲುವುದು ಪೆಟ್ರೋಲಿಯಂ ಎಣ್ಣೆಗೆ. ಎರಡೂ ಹೈಡ್ರೋಕಾರ್ಬನ್ ಕುಲದವೇ. ಎಣ್ಣೆ ಸರಪಳಿಗಳ ನಡುವೆ ಸಲೀಸಾಗಿ ನುಗ್ಗಿ ಕುಳಿತುಬಿಡುತ್ತದೆ. ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಉದ್ದ ಹೆಚ್ಚಾಗಿ ಅಲೆಅಲೆಯಾಗಿ ತನ್ನ ಜಾಗದಿಂದ ಎದ್ದು ಬರುತ್ತದೆ.

ಅಂದಮೇಲೆ ಸೀಮೆಎಣ್ಣೆ, ಡೀಸೆಲ್, ಹಳೆಯ ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್, ಪೆಟ್ರೋಲಿಯಂ ಜೆಲ್ಲಿ, ತುಕ್ಕು ಬಿಡಿಸುವ ಸ್ಪ್ರೇ, ಇವೆಲ್ಲ ಬೀಡಿಂಗಿಗೆ ವರ್ಜ್ಯ. ಆದರೆ ಜನ ಪ್ರೀತಿಯಿಂದ ಹಚ್ಚುವುದು ಇವನ್ನೇ. ಹಚ್ಚಿದ ಮೊದಲ ವಾರ ರಬ್ಬರು ಮಿರಮಿರ ಮಿಂಚುವುದರಿಂದ ಮೋಸ ಬೇಗ ಗೊತ್ತಾಗುವುದೂ ಇಲ್ಲ. ಅಡುಗೆ ಎಣ್ಣೆ ಹಚ್ಚಿದರೆ ಅದು ಕ್ರಮೇಣ ಅಂಟಂಟಾಗಿ ದಾರಿಯ ಧೂಳನ್ನೆಲ್ಲ ಹಿಡಿದಿಡುತ್ತದೆ. ಉದಾಸೀನದಿಂದ ಕೆಟ್ಟ ಬೀಡಿಂಗಿಗಿಂತ ಅತಿ ಉಪಚಾರದಿಂದ ಕೆಟ್ಟ ಬೀಡಿಂಗನ್ನು ಸರಿಮಾಡುವುದು ಕಷ್ಟ. ಒಳಗೆ ಇಳಿದ ಎಣ್ಣೆಯನ್ನು ಯಾವ ಶಾಂಪೂವೂ ಹೊರಗೆ ಎಳೆಯದು.

ಇವುಗಳ ಬದಲು ಹಚ್ಚಬಹುದಾದ ಸಿಲಿಕೋನ್ ದ್ರವದ್ದು ಬೇರೆ ಸಂಸಾರ. ಅದು ಇಪಿಡಿಎಂನೊಳಗೆ ಅಷ್ಟಾಗಿ ಇಳಿಯದೆ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಬೀಡಿಂಗಿಗೆ ಬೇಕಾದದ್ದು ಅಷ್ಟೇ. ಕೊಳ್ಳುವಾಗ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಮುಂದೆ ದಪ್ಪಕ್ಷರದಲ್ಲಿ ಸಿಲಿಕೋನ್ ಎಂದು ಬರೆದು ಒಳಗೆ ಪೆಟ್ರೋಲಿಯಂ ದ್ರಾವಕ ತುಂಬಿದ ಸ್ಪ್ರೇಗಳೂ ಇವೆ. ನೀರಿನ ಆಧಾರದ್ದು ಅಥವಾ ರಬ್ಬರಿಗೆಂದೇ ಮಾಡಿದ್ದು ಒಳ್ಳೆಯದು.

ಆದರೆ ಸಿಲಿಕೋನಿಗೆ ಮೊದಲು ನೀರು. ಕಾರು ನೆರಳಲ್ಲಿರಲಿ, ರಬ್ಬರು ತಣ್ಣಗಿರಲಿ. ಒಳಗಿನ ದೀಪ ಆರಿಸಿಕೊಳ್ಳುವುದು ಜಾಣತನ. ನಾಲ್ಕೂ ಬಾಗಿಲು ತೆರೆದಿಟ್ಟು ಗಂಟೆಗಟ್ಟಲೆ ಉಜ್ಜಿದ ಮೇಲೆ ಬ್ಯಾಟರಿ ಮುನಿಸಿಕೊಳ್ಳಬಾರದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಸುಮಾರು 5 ಮಿಲಿ ಕಾರ್ ಶಾಂಪೂ ಸಾಕು. ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಮೇಲಿನಿಂದ ಕೆಳಕ್ಕೆ ಒರೆಸಬೇಕು. ಕೊಳವೆಯ ಮೇಲ್ಮೈ ಒರೆಸಿ ಮುಗಿಸುವವರೇ ಹೆಚ್ಚು, ನಿಜವಾದ ಮರಳು ಕೂತಿರುವುದು ಅದರ ಮಡಿಕೆಯಲ್ಲಿ. ಬೆರಳಿನಿಂದ ಕೊಳವೆಯನ್ನು ಒತ್ತಟ್ಟಿಗೆ ಸರಿಸಿ ಆ ಸಂದಿಯನ್ನು ಒರೆಸಬೇಕು. ಮೂಲೆಗಳಿಗೆ ಹಳೆಯ ಮೆದು ಟೂತ್‌ಬ್ರಷ್. ಬೀಡಿಂಗ್ ಬಂದು ಒತ್ತಿಕೊಳ್ಳುವ ಬಾಗಿಲಿನ ಪೇಂಟನ್ನೂ ಒರೆಸಬೇಕು. ಅಲ್ಲಿ ಮರಳು ಉಳಿದರೆ ಕಾರು ಅಲುಗಿದಾಗಲೆಲ್ಲ ಉಜ್ಜಿ ಉಜ್ಜಿ ಪೇಂಟಿನ ಹೊಳಪು ತೆಗೆಯುತ್ತದೆ. ಹಳೆಯ ಕಾರುಗಳ ಬಾಗಿಲಿನ ಒಳಅಂಚಿನಲ್ಲಿ ಉದ್ದಕ್ಕೂ ಕಾಣುವ ಮಂಕು ಗೆರೆ ಹಾಗೆ ಬಂದದ್ದು. ಆಮೇಲೆ ಬರಿ ನೀರಿನ ಬಟ್ಟೆ, ಆಮೇಲೆ ಒಣಬಟ್ಟೆ, ಹತ್ತು ಹದಿನೈದು ನಿಮಿಷ ಗಾಳಿ.

ಬಟ್ಟೆಗೆ ಸ್ವಲ್ಪ ಕಪ್ಪು ಹತ್ತಿದರೆ ಗಾಬರಿ ಬೇಡ. ಮೂರನೆಯ ಸಲ ಒರೆಸಿದಾಗಲೂ ಮಸಿಯ ಹಾಗೆ ಬರುತ್ತಿದ್ದರೆ ರಬ್ಬರಿನ ಮೇಲ್ಪದರ ಸವೆದು ಹೋಗುತ್ತಿದೆ ಎಂದರ್ಥ.

ಸಿಲಿಕೋನನ್ನು ನೇರ ಬಾಗಿಲಿಗೆ ಸಿಂಪಡಿಸಬಾರದು. ಸ್ಪಂಜಿನ ತುಂಡಿಗೆ ಹಾಕಿಕೊಂಡು ಸವರಬೇಕು. ಒಂದು ಬಾಗಿಲಿಗೆ 2–3 ಮಿಲಿಗಿಂತ ಹೆಚ್ಚು ಹಿಡಿಯದು. ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಿಂದ ಒರೆಸಿಬಿಡಬೇಕು. ಹಚ್ಚಿದ್ದನ್ನೇ ಒರೆಸಿ ತೆಗೆಯುವುದೆಂದರೆ ಕೈ ಬಿಗಿಯವರಿಗೆ ಸಂಕಟ. ಆದರೆ ಬೆರಳಿಟ್ಟಾಗ ಜಿಡ್ಡು ತಾಗಿದರೆ ಅದು ಹೆಚ್ಚಾಯಿತೆಂದೇ ಲೆಕ್ಕ. ಸ್ಪ್ರೇಯ ತುಂತುರು ಮುಂದಿನ ಗ್ಲಾಸಿಗೆ ಬಿದ್ದರೆ ವೈಪರ್ ಮಂಜು ಬಳಿಯುತ್ತದೆ, ಪೆಡಲಿಗೆ ಬಿದ್ದರೆ ಕಾಲು ಜಾರುತ್ತದೆ, ಬ್ರೇಕ್ ಡಿಸ್ಕಿಗೆ ಬಿದ್ದರೆ ಹೇಳುವುದೇ ಬೇಡ. ಬಾಗಿಲಿಗೆ ಸದ್ಯದಲ್ಲೇ ಪೇಂಟ್ ಮಾಡಿಸುವುದಿದ್ದರೆ ಸಿಲಿಕೋನನ್ನು ಮುಟ್ಟದಿರುವುದೇ ಮೇಲು. ಅದರ ಸುಳಿವಿದ್ದರೂ ಹೊಸ ಪೇಂಟು ಗುಳಿಗುಳಿಯಾಗಿ ನಿಲ್ಲುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಈ ಸೇವೆ ಸಾಕು, ಸದಾ ಬಿಸಿಲಲ್ಲೇ ನಿಲ್ಲುವ ಕಾರಿಗೆ ಎರಡು ತಿಂಗಳಿಗೊಮ್ಮೆ. ಹಿಮ ಬೀಳುವ ಕಡೆಯಾದರೆ ಚಳಿಗೆ ಮುಂಚೆ ಒಂದು ಸಲ ಹಚ್ಚಿಬಿಟ್ಟರೆ ನೀರು ಹೆಪ್ಪುಗಟ್ಟಿ ಬಾಗಿಲು ಅಂಟಿಕೊಳ್ಳುವುದು ತಪ್ಪುತ್ತದೆ.

ಗ್ಲಾಸು ಏರಿಳಿಯುವ ಚಾನಲ್ಲಿನ ರಬ್ಬರಿನ ಕಥೆ ಬೇರೆ. ಅದರ ಒಳಮೈಗೆ ಮಖಮಲ್ಲಿನಂಥ ಸಣ್ಣ ನಾರುಗಳನ್ನು ಅಂಟಿಸಿರುತ್ತಾರೆ. ಅಲ್ಲಿಗೆ ಗ್ರೀಸ್ ಹಾಕಿದರೆ ಧೂಳು ಸೇರಿ ಕೆಸರಾಗುತ್ತದೆ, ಗ್ಲಾಸು ತೆವಳುತ್ತದೆ, ಪವರ್ ವಿಂಡೋ ಮೋಟರಿಗೆ ಭಾರ. ತೆಳುವಾದ ಪ್ಲಾಸ್ಟಿಕ್ ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಎರಡು ಸಲ ಎಳೆದು, ಒಣಗಿದ ಮೇಲೆ ಜಿಡ್ಡಿಲ್ಲದ ಸಿಲಿಕೋನನ್ನು ಒಂದಿಷ್ಟು ಮುಟ್ಟಿಸಿದರೆ ಮುಗಿಯಿತು.

ಬೀಡಿಂಗಿನ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ಸುಳ್ಳು ದೂರುಗಳು. ಹೊರಗಡೆಯ ಗ್ಲಾಸಿನ ಬುಡದಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ; ಅದು ಹೊರಹೋಗಲು ಬಾಗಿಲಿನ ತಳದಲ್ಲಿ ತೂತುಗಳಿವೆ. ಅವು ಎಲೆ, ಮಣ್ಣು ತುಂಬಿ ಮುಚ್ಚಿಕೊಂಡರೆ ಬಾಗಿಲು ಅಲ್ಲಾಡಿಸಿದಾಗ ಗುಳುಗುಳು ಸದ್ದು. ಒಳಗಿನ ಪ್ಯಾಡಿನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಅದೇ ನೀರು ಮ್ಯಾಟಿಗೆ. ಮಳೆಯಿಲ್ಲದ ದಿನ, ಏಸಿ ಓಡಿಸಿದ ಮೇಲೆ ಮುಂದಿನ ಸೀಟಿನ ಕಾಲಡಿ ವಾಸನೆಯಿಲ್ಲದ ತಿಳಿನೀರು ಕಂಡರೆ ಏಸಿಯ ಡ್ರೈನ್ ಪೈಪ್ ಕಟ್ಟಿದೆ. ಆ ನೀರು ಸಿಹಿವಾಸನೆಯ ಅಂಟಾಗಿದ್ದರೆ ಹೀಟರಿನಿಂದ ಎಂಜಿನ್ ತಣಿಸುವ ಕೂಲೆಂಟ್ ಸೋರುತ್ತಿದೆ. ಇವ್ಯಾವುದಕ್ಕೂ ಹೊಸ ಬೀಡಿಂಗ್ ಮದ್ದಲ್ಲ.

ನಿಜವಾಗಿ ಬೀಡಿಂಗಿನದೇ ತಪ್ಪೇ ಎಂದು ತಿಳಿಯಲು ಒಂದು ಕಾಗದದ ಪಟ್ಟಿ ಸಾಕು. ಬಾಗಿಲಿಗೆ ಸಿಕ್ಕಿಸಿ ಹಾಕಿ, ಎಳೆಯಿರಿ. ತಡೆದು ತಡೆದು ಬರಬೇಕು. ಹದಿನೈದು ಸೆಂಟಿಮೀಟರಿಗೊಂದು ಕಡೆ ಹೀಗೆ ಎಳೆಯುತ್ತ ಹೋದರೆ ಸಡಿಲ ಜಾಗ ತಾನೇ ಹೇಳಿಕೊಳ್ಳುತ್ತದೆ. ಬೀಡಿಂಗಿಗೆ ಸೀಮೆಸುಣ್ಣ ಸವರಿ ಬಾಗಿಲು ಹಾಕಿ ತೆಗೆದರೆ ಪೇಂಟಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ರಬ್ಬರು ಮುಟ್ಟುತ್ತಿಲ್ಲ. ನೀರು ಹಾಯಿಸಿ ನೋಡುವುದಾದರೆ ಪೈಪನ್ನು ಸಣ್ಣಗೆ ಬಿಟ್ಟು, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಕೆಳಗಿನಿಂದ ಶುರುಮಾಡಬೇಕು. ಮೇಲಿನಿಂದ ಬಿಟ್ಟರೆ ಎಲ್ಲ ಕಡೆಯೂ ಒದ್ದೆಯಾಗಿ ಸೋರಿದ್ದೆಲ್ಲಿ ಎಂಬುದೇ ತಿಳಿಯುವುದಿಲ್ಲ.

ಸಡಿಲ ಸಿಕ್ಕಿತೆಂದು ತಕ್ಷಣ ರಬ್ಬರನ್ನು ಬೈಯುವುದೂ ಬೇಡ. ತೆರೆದ ಬಾಗಿಲಿನ ತುದಿಯನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಲಟಲಟ ಅಲ್ಲಾಡಿದರೆ ಹಿಂಜ್ ಸವೆದು ಬಾಗಿಲು ಜೋತಿದೆ, ಬೀಡಿಂಗ್ ಎಷ್ಟು ಹೊಸದಾದರೂ ಅಲ್ಲಿಗೆ ಕೈ ಚಾಚಲಾರದು. ಇನ್ನು ಹಳ್ಳದಿಣ್ಣೆಯ ದಾರಿಯಲ್ಲಿ ಎಲ್ಲಿಂದಲೋ ಬರುವ ಕಿರ್ ಕಿರ್ ಸದ್ದಿಗೆ ಡ್ಯಾಶ್‌ಬೋರ್ಡ್ ಬಿಚ್ಚುವ ಮುನ್ನ ಒಣ ಬೀಡಿಂಗನ್ನು ಒರೆಸಿ ಸಿಲಿಕೋನ್ ಹಚ್ಚಿ ನೋಡಿ. ಒಣ ರಬ್ಬರು ಪೇಂಟಿಗೆ ಹಿಡಿದು, ಬಿಟ್ಟು, ಮತ್ತೆ ಹಿಡಿದು ಮಾಡುವ ಸದ್ದು ಕಿವಿಗೆ ದಿಕ್ಕು ತಪ್ಪಿಸುವುದರಲ್ಲಿ ನಿಸ್ಸೀಮ.

ಒಂದು ಮೂಲೆ ಮಡಚಿಕೊಂಡಿದ್ದರೆ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು ಬೆರಳಿನಿಂದ ತೀಡಿದರೆ ಕೆಲವೊಮ್ಮೆ ಸರಿಹೋಗುತ್ತದೆ. ರಾತ್ರಿಯೆಲ್ಲ ಬಾಗಿಲು ತೆರೆದಿಟ್ಟರೂ ಕೊಳವೆ ಚಪ್ಪಟೆಯಾಗಿಯೇ ಉಳಿದಿದ್ದರೆ ಅದರ ಸ್ಥಿತಿಸ್ಥಾಪಕ ಗುಣ ಮುಗಿದಿದೆ, ಬದಲಿಸಲೇಬೇಕು. ಹಳೆಯದನ್ನು ಕಿತ್ತ ಮೇಲೆ ತಗಡಿನ ಅಂಚಿನ ತುಕ್ಕು, ಹಳೆ ಅಂಟು ತೆಗೆದು ಒಣಗಿಸಬೇಕು. ಹೊಸದರ ಎರಡು ತುದಿಗಳು ಕೂಡುವ ಜಾಗ ಬಾಗಿಲಿನ ತಳದಲ್ಲಿ ಬರಲಿ. ಮೇಲೆ ಬಂದರೆ ನೀರಿಗೆ ಆಹ್ವಾನ ಕೊಟ್ಟಂತೆ. ಮೇಲಿನ ಮೂಲೆಗಳಿಂದ ಕೂರಿಸುತ್ತ ಬಂದು, ಸುತ್ತುಗಳಲ್ಲಿ ತುಸು ಸಡಿಲ ಕೊಟ್ಟು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಎಳೆದು ಕೂರಿಸಿದ ರಬ್ಬರು ದಿನಕಳೆದಂತೆ ಹಿಂದಕ್ಕೆ ಸೇದಿಕೊಂಡು ಮೂಲೆ ಬಿಡುತ್ತದೆ, ತುದಿಗಳ ನಡುವೆ ಸಂದಿ ಬೀಳುತ್ತದೆ. ಆದ್ದರಿಂದ ಉದ್ದ ಹೆಚ್ಚಾಯಿತೆಂದು ಅವಸರದಿಂದ ಕತ್ತರಿಸುವುದು ಬೇಡ. ಅಗತ್ಯಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚೇ ಬಿಟ್ಟು ಒತ್ತಿ ಕೂರಿಸಬೇಕು.

ಹೊಸ ಬೀಡಿಂಗ್ ಒಂದೆರಡು ವಾರ ಬಿಗುಮಾನ ತೋರಿಸುತ್ತದೆ, ಬಾಗಿಲು ಒಂದೇ ಏಟಿಗೆ ಬೀಳುವುದಿಲ್ಲ. ಕಿಟಕಿಯ ಗ್ಲಾಸನ್ನು ಎರಡು ಬೆರಳಷ್ಟು ಇಳಿಸಿ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ತಡೆದದ್ದು ಒಳಗೆ ಸಿಕ್ಕ ಗಾಳಿ. ಆಗ ಕಾರಿನ ಹಿಂಭಾಗದಲ್ಲಿ, ಸಾಮಾನ್ಯವಾಗಿ ಬಂಪರಿನ ಮರೆಯಲ್ಲಿ, ಗಾಳಿ ಬಿಡುವ ರಬ್ಬರ್ ರೆಪ್ಪೆಗಳು ಅಂಟಿಕೊಂಡಿಲ್ಲವೇ ಎಂದು ನೋಡಬೇಕು. ಗ್ಲಾಸು ಇಳಿಸಿದರೂ ಬಿಗಿಯೇ ಇದ್ದರೆ ಕೊಳವೆ ಇನ್ನೂ ಹದಕ್ಕೆ ಬಂದಿಲ್ಲ. ಲಾಕ್ ಹಿಡಿಯುವ ಸ್ಟ್ರೈಕರನ್ನು ಸಡಿಲಿಸಿ ಹೊರಕ್ಕೆ ಸರಿಸಿಬಿಡೋಣ ಎಂದು ಕೈ ತುರಿಸುವುದು ಇಂಥ ಹೊತ್ತಿನಲ್ಲೇ. ಹಾಗೆ ಸರಿಸಿದರೆ ರಬ್ಬರು ಹದಕ್ಕೆ ಬಂದ ಮೇಲೆ ಬಾಗಿಲು ಲೊಡಲೊಡ ಎನ್ನುತ್ತದೆ, ಗಾಳಿ ಸಿಳ್ಳೆ ಹಾಕುತ್ತದೆ. ಆ ಎರಡು ವಾರ ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಇರಲಿ.