ಕೊಬ್ಬರಿ ಚೂರಿನ ಧರ್ಮಸೂಕ್ಷ್ಮ

ಅಮೆರಿಕದಲ್ಲಿ 2009ರಲ್ಲಿ ಹುಟ್ಟಿದ ‘ಹೋಲ್30’ ಎಂಬ ಪಥ್ಯದ ಕಟ್ಟಳೆಗಳನ್ನು ಒಮ್ಮೆ ಓದಿದವರು, ಮಡಿ ಮೈಲಿಗೆಯ ವಿಚಾರದಲ್ಲಿ ನಮ್ಮ ಅಜ್ಜಿಯರನ್ನು ಮೀರಿಸಿದವರಿಲ್ಲ ಎಂಬ ಮಾತನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. 30 ದಿನಗಳ ಕಾಲ ಸಕ್ಕರೆ, ಬೆಲ್ಲ, ಜೇನು ಇಲ್ಲ. ಅಕ್ಕಿ, ಗೋಧಿ, ರಾಗಿ ಇಲ್ಲ. ಬೇಳೆಕಾಳು, ಹಾಲು, ಮೊಸರು, ಮದ್ಯ ಯಾವುದೂ ಇಲ್ಲ. ತುಪ್ಪಕ್ಕೆ ಮಾತ್ರ, ಪೂರ್ವಜನ್ಮದ ಪುಣ್ಯವೋ ಏನೋ, ವಿನಾಯಿತಿ ಉಂಟು. 29ನೆಯ ದಿನ ನಾಲಿಗೆ ಜಾರಿದರೂ ಲೆಕ್ಕ ಮತ್ತೆ ಒಂದರಿಂದಲೇ ಆರಂಭವಾಗುತ್ತದೆ.

ಮೈಗೆ ಒಗ್ಗದ ಆಹಾರ ಯಾವುದೆಂದು ತಿಳಿಯಲು ಕೆಲವನ್ನು ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡುವುದು ವೈದ್ಯರೂ ಒಪ್ಪುವ ಕ್ರಮ. ಅದರಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು, ಸಂಜೆ ನಾಲ್ಕು ಗಂಟೆಗೆ ವ್ರತಸ್ಥನೊಬ್ಬ ಅಂಗಡಿಯ ಸಾಲಿನಲ್ಲಿ ನಿಂತು ಹುರಿದ ಕೊಬ್ಬರಿ ಚೂರಿನ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಅದರ ಬೆನ್ನಿನ ಮೇಲಿನ ಸಾಸಿವೆಗಾತ್ರದ ಅಕ್ಷರಗಳನ್ನು ಓದತೊಡಗಿದಾಗ.

ಏಕೆಂದರೆ ಈ ಪಥ್ಯದಲ್ಲಿ ತೆಂಗಿನ ಮರಕ್ಕೆ ಒಂದೇ ನ್ಯಾಯವಿಲ್ಲ. ‘ಕೊಬ್ಬರಿ, ಉಪ್ಪು’ ಎಂದಷ್ಟೇ ಬರೆದಿದ್ದರೆ ಪೊಟ್ಟಣ ಪಾವನ. ನಡುವೆ ‘ತೆಂಗಿನ ಸಕ್ಕರೆ’ ಎಂಬ ಪದವೊಂದು ನುಸುಳಿದರೆ ಅಪವಿತ್ರ. ತೆಂಗಿನ ಸಕ್ಕರೆಯೂ ಅದೇ ಮರದ್ದು, ಹೊಂಬಾಳೆಯಿಂದ ಇಳಿಸಿದ ರಸವನ್ನು ಕುದಿಸಿ ಮಾಡಿದ್ದು ಎಂದು ವಾದಿಸಿ ಪ್ರಯೋಜನವಿಲ್ಲ, ಸಕ್ಕರೆ ಸಕ್ಕರೆಯೇ. ಸರಿ, ಒಪ್ಪೋಣ. ಆದರೆ ಅದೇ ಹೊಂಬಾಳೆಯ ರಸಕ್ಕೆ ಉಪ್ಪು ಬೆರೆಸಿ ಹುಳಿಬರಿಸಿ, ಸೋಯಾ ಸಾಸಿಗೆ ಬದಲಾಗಿ ‘ಕೋಕನಟ್ ಅಮಿನೋಸ್’ ಎಂದು ಸೀಸೆಗೆ ತುಂಬಿದರೆ ಅದು ಧಾರಾಳವಾಗಿ ಸಲ್ಲುತ್ತದೆ. ಸೀಸೆಯ ಮೇಲೆ ತೆಂಗಿನ ಪಾಕ ಎಂದು ಬರೆದಿದ್ದರೂ ಅಡ್ಡಿಯಿಲ್ಲವೆಂದು ನಿಯಮಾವಳಿಯೇ ಅಭಯ ನೀಡಿದೆ. ತೆಂಗಿನ ಹಿಟ್ಟಿನ ಕಥೆ ಇನ್ನೂ ಸೊಗಸಾಗಿದೆ: ಅದನ್ನು ಮೀನಿನ ತುಂಡಿಗೆ ಸವರಿ ಬೇಯಿಸಿದರೆ ಧರ್ಮ, ಅದೇ ಹಿಟ್ಟಿಗೆ ಮೊಟ್ಟೆ ಒಡೆದು ಕಲಸಿ ಕಾವಲಿಯ ಮೇಲೆ ದೋಸೆಯಂತೆ ಹುಯ್ದರೆ ಅಧರ್ಮ. ಇದಕ್ಕೆ ‘ಪ್ಯಾನ್‌ಕೇಕ್ ನಿಯಮ’ ಎಂದು ಹೆಸರು. ಪದಾರ್ಥ ಶುದ್ಧವಾಗಿದ್ದರೆ ಸಾಲದು, ತಿನ್ನುವವನ ಮನಸ್ಸೂ ಶುದ್ಧವಾಗಿರಬೇಕು, ತಿಂಡಿಯ ನೆನಪನ್ನೂ ತಿನ್ನಬಾರದು ಎಂಬುದು ಅದರ ತಾತ್ಪರ್ಯ. ತಿಪಟೂರಿನ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಚಿಪ್ಪಿನೊಳಗೇ ಉಂಡೆಯಾಗುವ ಕೊಬ್ಬರಿಗೆ, ತನ್ನನ್ನು ಕಚ್ಚುವವನ ಅಂತರಂಗವನ್ನು ಶೋಧಿಸುವ ಈ ಜವಾಬ್ದಾರಿ ಎಂದೂ ಬಿದ್ದಿರಲಿಲ್ಲ.

ಅಮೆರಿಕದ ಸರ್ಕಾರವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಸುಮಾರು ಎರಡು ದಶಕಗಳ ಕಾಲ ತೆಂಗನ್ನು ಬಾದಾಮಿ, ಗೋಡಂಬಿ, ಅಕ್ರೋಟುಗಳ ಪಂಕ್ತಿಯಲ್ಲಿ ಕೂರಿಸಿ, ಅಲರ್ಜಿಯ ಎಚ್ಚರಿಕೆಯನ್ನು ಅಚ್ಚು ಹಾಕಿಸಿತು. ಮಾವಿನಂತೆ ಓಟೆಯುಳ್ಳ ಫಲಗಳ ಜಾತಿಗೆ ಸೇರಿದ ತೆಂಗಿನಕಾಯಿ ಕೊನೆಗೆ 2025ರ ಜನವರಿಯಲ್ಲಿ ಆ ಪಟ್ಟಿಯಿಂದ ಬಿಡುಗಡೆ ಪಡೆಯಿತು. ತೆಂಗಿನಿಂದಲೇ ಅಲರ್ಜಿಯಾಗುವವರು ಅಪರೂಪಕ್ಕೆ ಇದ್ದಾರೆ, ಅವರ ಕಷ್ಟ ನಿಜವಾದದ್ದು. ಆದರೆ ಬಾದಾಮಿ ಗೋಡಂಬಿ ಬಿಟ್ಟ ತಪ್ಪಿಗೆ ಕೊಬ್ಬರಿಯನ್ನೂ ಬಿಟ್ಟು ಕುಳಿತವರಿಗೆ ಆ ವರ್ಷಗಳ ಚಟ್ನಿಯನ್ನು ಯಾವ ಇಲಾಖೆಯೂ ಹಿಂದಿರುಗಿಸುವುದಿಲ್ಲ.

ಬಿಡುವುದಕ್ಕೆಂದು ಹುಟ್ಟಿದ ಪಥ್ಯ ಕೊಳ್ಳುವುದಕ್ಕೆ ತಿರುಗಿಕೊಂಡದ್ದು ಇದೆಲ್ಲಕ್ಕಿಂತ ದೊಡ್ಡ ಪವಾಡ. ಪೊಟ್ಟಣದ ತಿಂಡಿ ಬಿಟ್ಟು ನಿಜವಾದ ಅಡುಗೆ ಉಣ್ಣಿರಿ ಎಂದು ಸಾರಿದ ಕಾರ್ಯಕ್ರಮವೇ ಈಗ ಕಂಪನಿಗಳಿಗೆ ‘ಅನುಮೋದಿತ’ ಎಂಬ ಮುದ್ರೆಯನ್ನು ಕೊಡುತ್ತದೆ. ಏಕಾದಶಿಯ ದಿನ ಅನ್ನ ಬಿಟ್ಟ ಮನೆಯಲ್ಲಿ ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನಗಳ ನಡುವೆ ಉಪವಾಸ ತೇಗುವುದನ್ನು ಕಂಡಿರುವ ನಮಗೆ ಇದೇನೂ ಹೊಸತಲ್ಲ. ವ್ಯತ್ಯಾಸವೆಂದರೆ ನಮ್ಮ ಫಲಾಹಾರಕ್ಕೆ ಯಾರೂ ಪರವಾನಗಿ ಕೊಟ್ಟಿಲ್ಲ, ಅದಕ್ಕೆ ಖರ್ಜೂರ ಕೊಬ್ಬರಿ ಅರೆದು ಬೆಳ್ಳಿ ಹಾಳೆಯಲ್ಲಿ ಸುತ್ತಿ ಹಣ್ಣಿನ ಸಿಹಿ ಸಕ್ಕರೆಯಲ್ಲ ಎಂಬ ಪ್ರಮಾಣಪತ್ರ ಅಂಟಿಸಿ ಮಾರುವ ಯೋಚನೆಯೂ ನಮಗೆ ಹೊಳೆದಿರಲಿಲ್ಲ.

ಇಷ್ಟೆಲ್ಲ ಪರೀಕ್ಷೆ ದಾಟಿದ ಪೊಟ್ಟಣವನ್ನು ಹಾಗೆಯೇ ಒಡೆದು ತಿನ್ನಬಹುದೇ? ಆತುರ ಬೇಡ. ಬಂದಿರುವುದು ಹಸಿವೋ ಚಪಲವೋ ಎಂದು ತಿಳಿಯಲು ಈ ಪಥ್ಯದವರಲ್ಲಿ ಒಂದು ಒರೆಗಲ್ಲಿದೆ: ಹಬೆಯಲ್ಲಿ ಬೇಯಿಸಿದ ಮೀನು ಮತ್ತು ಬ್ರೊಕೊಲಿ ಎದುರಿಗಿದ್ದರೆ ತಿನ್ನುವಿರಾ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ತಿನ್ನುವೆ ಎಂದಾದರೆ ಅದು ಹಸಿವು, ಮೀನನ್ನೇ ತಿನ್ನಬಹುದು. ತಿನ್ನಲಾರೆ ಎಂದಾದರೆ ಅದು ಚಪಲ, ಏನನ್ನೂ ತಿನ್ನಬಾರದು. ಅನುಮೋದನೆ ಪಡೆದ ಕೊಬ್ಬರಿ ಚೂರನ್ನು ಯಾವಾಗ ತಿನ್ನಬೇಕೆಂಬುದು ಮುದ್ರೆ ಒತ್ತಿದವರಿಗೂ ಗೊತ್ತಿದ್ದಂತಿಲ್ಲ. ಮುಂದಿನ ಆವೃತ್ತಿಯ ಪೊಟ್ಟಣದ ಮೇಲೆ ‘ಬೇಯಿಸಿದ ಮೀನಿನ ಮೇಲೆ ಉದುರಿಸಿಕೊಂಡು, ನಗದೆ ಸೇವಿಸಿ’ ಎಂದು ಅಚ್ಚಾಗುವವರೆಗೆ ಅದು ಕಪಾಟಿನಲ್ಲೇ ಇರಲಿ.