ಗೋಡೆಗೂ ಬಂತು ವರ್ಷಕ್ಕೊಂದು ಅಪ್ಪಣೆ

ವರ್ಷಕ್ಕೊಂದು ಬಣ್ಣವನ್ನು ‘ಈ ವರ್ಷದ ಬಣ್ಣ’ ಅಂತ ಸಾರುವ ಅಮೆರಿಕದ ಪ್ಯಾಂಟೋನ್ ಕಂಪನಿ, 2026ರ ಬಣ್ಣ ಬಿಳಿ ಅಂತ ಹೇಳಿದೆ. ಹೆಸರು ‘ಕ್ಲೌಡ್ ಡ್ಯಾನ್ಸರ್’. ಬೆಂಗಳೂರಿನ ಬಾಡಿಗೆ ಮನೆ ಓನರ್‌ಗಳಿಗೆ ಅಭಿನಂದನೆ ಹೇಳಲೇಬೇಕು. ಬಾಡಿಗೆಯವರು ಖಾಲಿ ಮಾಡಿದ ತಕ್ಷಣ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಮೊಳೆ ತೂತನ್ನೂ ಮುಚ್ಚದೆ ಬಿಳಿ ಡಿಸ್ಟೆಂಪರ್ ಬಳಿಸುವ ಈ ಮಹನೀಯರು ಫ್ಯಾಷನ್‌ಗಿಂತ ಎಷ್ಟು ಮುಂದಿದ್ದರು ಅಂತ ನಮಗೆ ಹೊಳೆದೇ ಇರಲಿಲ್ಲ.

ಪಾಪ, ಪೇಚಿಗೆ ಸಿಕ್ಕಿದವರು ಹೋದ ವರ್ಷ ಮನೆ ಮಾಡಿಸಿದವರು. 2025ಕ್ಕೆ ಕಂದು ಅಂದಿದ್ದರು. 2024ಕ್ಕೆ ಪೀಚ್. 2023ಕ್ಕೆ ಕಣ್ಣಿಗೆ ರಾಚುವ ಮೆಜೆಂಟಾ. ಮಾತು ಕೇಳಿ ಬಳಿಸುತ್ತಾ ಬಂದವರ ಹಾಲ್‌ನಲ್ಲಿ ಈಗ ಗೋಡೆಗೊಂದು ಇಸವಿ.

ಬಣ್ಣವಾದರೂ ವಾಸಿ, ಈಗ ಗೋಡೆ ಮೈ ನುಣ್ಣಗಿರದೆ ಗೀರು, ಉಬ್ಬು ತಗ್ಗು ಕಾಣಬೇಕು ಅನ್ನುವ ಟೆಕ್ಸ್ಚರ್ ಕಾಟ. ಡಿಸೈನರ್ ಬಂದು ಗೋಡೆ ಸವರಿ ನೋಡಿ, “ತುಂಬಾ ಫ್ಲಾಟ್ ಆಗಿದೆ ಸರ್” ಅಂತಾರೆ. ಗೋಡೆ ಇನ್ನು ಹೇಗಿರಬೇಕಿತ್ತು? ಟಿವಿ ಹಿಂದೆ ಕಲ್ಲಿನ ಥರ ಕಾಣುವ ಹಾಳೆ, ಪಕ್ಕದಲ್ಲಿ ಮರದ ಥರ ಕಾಣುವ ಪ್ಲಾಸ್ಟಿಕ್ ಪಟ್ಟಿ, ಸೋಫಾ ಹಿಂದೆ ಸಿಮೆಂಟ್ ಥರ ಕಾಣುವ ಪೇಂಟು. ಆ ಪೇಂಟಿನ ಕೆಳಗೆ ಇರೋದು ಅಸಲಿ ಸಿಮೆಂಟೇ ಅಲ್ವಾ? ಅದನ್ನು ಪುಟ್ಟಿ, ಪ್ರೈಮರ್ ಬಳಿದು ಮುಚ್ಚಿದ್ದಕ್ಕೊಂದು ದುಡ್ಡು, ಮತ್ತೆ ಸಿಮೆಂಟ್ ಹಾಗೆ ಕಾಣಿಸೋದಕ್ಕೆ ಚದರಡಿ ಲೆಕ್ಕದಲ್ಲಿ ಇನ್ನೊಂದು ದುಡ್ಡು. ಡಿಸೈನರ್ ತೋರಿಸಿದ ತ್ರೀಡಿ ಚಿತ್ರದಲ್ಲಿ ಧೂಳು ಇರೋದಿಲ್ಲ, ಹಲ್ಲಿಯೂ ಇರೋದಿಲ್ಲ. ಪಟ್ಟಿ ಸಂದಿಯಲ್ಲಿ ಹಳೇ ಟೂತ್‌ಬ್ರಷ್ ಹಾಕಿ ಉಜ್ಜುವ ಹೆಂಗಸಂತೂ ಇಲ್ಲವೇ ಇಲ್ಲ.

ಹೇಳ್ತಾ ಹೇಳ್ತಾ ಕೆಂಪು ಗಾರೆ ನೆಲ ನೆನಪಾಯಿತು. ಸಿಮೆಂಟಿಗೆ ರೆಡ್‌ಆಕ್ಸೈಡ್ ಪುಡಿ ಬೆರೆಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿ, ನೀರು ನಿಲ್ಲಿಸಿ ಗಟ್ಟಿ ಮಾಡಿದ ನೆಲ. ವರ್ಷ ಕಳೆದಷ್ಟೂ ಹೊಳಪು ಜಾಸ್ತಿ. ಅದನ್ನು ಹಳ್ಳಿ ಮನೆ ಥರ ಅಂತ ಸುತ್ತಿಗೆಯಲ್ಲಿ ಒಡೆಸಿ, ಒದ್ದೆ ಕಾಲಿಟ್ಟರೆ ಜಾರುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಈಗ ಅದೇ ಮನೆಯವರು ‘ಹೆರಿಟೇಜ್ ಲುಕ್’ ಬೇಕು ಅಂತ ಹಳೇ ಮೇಸ್ತ್ರಿಯನ್ನು ಹುಡುಕುತ್ತಿದ್ದಾರೆ. ಮೇಸ್ತ್ರಿ ಮಗ ಯಾವತ್ತೋ ಆಟೋ ತಗೊಂಡಾಯಿತು.

ಹೋಗಲಿ, ದುಡ್ಡು ಅವರದು, ಗೋಡೆ ಅವರದು ಅಂತ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಗೋಡೆ ಉಜ್ಜುವ ಹುಡುಗನನ್ನು ನೋಡಿದ್ದೀರಾ? ಕೈಯಲ್ಲಿ ಎಮರಿ ಪೇಪರ್, ಮೂಗಿಗೆ ಕರ್ಚೀಫು, ರೆಪ್ಪೆ ಕೂದಲ ಮೇಲೂ ಬಿಳಿ ಪುಡಿ. ಮನೆ ಪೇಂಟಿನಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು ಪೇಂಟು ಹೊತ್ತ ಕಿಟಕಿ ಕಂಬಿಗಳನ್ನೂ ಅವನು ಹಾಗೇ ಒಣದಾಗಿ ಉಜ್ಜುತ್ತಾನೆ. ಅದರಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ಲಕ್ಷಗಟ್ಟಲೆ ಬಜೆಟ್‌ನಲ್ಲಿ ಒಂದು ಮಾಸ್ಕ್‌ಗೆ ದುಡ್ಡಿಲ್ಲ. ಥೂ. ಸಾಲದ್ದಕ್ಕೆ ಇಪ್ಪತ್ತು ಲೀಟರ್ ಡಬ್ಬ ಹೊತ್ತು ಐದನೇ ಮಹಡಿಗೆ ಅವನು ಮೆಟ್ಟಿಲಲ್ಲೇ ಹತ್ತಬೇಕು, ಕೆಲಸದವರು ಲಿಫ್ಟ್ ಬಳಸುವಂತಿಲ್ಲ ಅಂತ ಬೋರ್ಡು. ಅಸೋಸಿಯೇಷನ್‌ನವರನ್ನು ಕೇಳಿದರೆ, “ಒಳಗೆಲ್ಲ ಗೀರು ಬೀಳುತ್ತೆ ಸಾರ್” ಅನ್ನುತ್ತಾರೆ.

ಬಿದ್ದರೆ ಟೆಕ್ಸ್ಚರ್ ಅಂದುಕೊಳ್ಳಿ ಸ್ವಾಮಿ, ಹುಡುಗನನ್ನು ಹತ್ತಿಸಿ.