ನದಿಮೂಲ, ಋಷಿಮೂಲ, ಆಕರಮೂಲ

ನದಿಮೂಲ, ಋಷಿಮೂಲ ಕೇಳಬಾರದು ಎಂದ ಹಿರಿಯರು ಪ್ರೌಢಪ್ರಬಂಧಗಳ ಕೊನೆಯಲ್ಲಿ ಆಕರಗಳ ಪಟ್ಟಿ ಇರುವ ಪುಟಗಳನ್ನು ನೋಡಿರಲಿಲ್ಲ. ನೋಡಿದ್ದರೆ ಮೂರನೆಯ ಮೂಲವೊಂದನ್ನೂ ಸೇರಿಸುತ್ತಿದ್ದರು. ಆ ಪುಟಗಳಿಗೆ ‘ಗ್ರಂಥಋಣ’ ಎಂದು ಹೆಸರಿಟ್ಟ ಪುಣ್ಯಾತ್ಮರಾದರೂ ಎಲ್ಲವನ್ನೂ ಮೊದಲೇ ಬಲ್ಲವರು. ತೀರಿಸುವ ಯೋಚನೆಯೇ ಇಲ್ಲದೆ ಮಾಡಿದ ಸಾಲ ಅದು.

ಪ್ರಬಂಧಕ್ಕೆ ಕನಿಷ್ಠ ಇಪ್ಪತ್ತು ಆಕರಗಳಿರಬೇಕು ಎಂದು ಮಾರ್ಗದರ್ಶಕರು ಅಪ್ಪಣೆ ಕೊಡಿಸುತ್ತಾರೆ. ಹತ್ತೊಂಬತ್ತಕ್ಕೆ ಸತ್ಯ ಸಿಕ್ಕಿಬಿಟ್ಟರೆ ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಓದುವುದಕ್ಕಿಂತ ಎಣಿಸುವುದು ಸುಲಭವೆಂಬುದು ಎರಡೂ ಕಡೆಯವರಿಗೆ ಗೊತ್ತು.

ಆಕರಗಳಲ್ಲಿ ಮೂರು ಬಗೆ. ಕಂಡವರ, ಮಾಡಿದವರ ಪತ್ರ, ದಿನಚರಿ, ಶಾಸನ, ಪ್ರಯೋಗದ ದತ್ತಾಂಶ ಪ್ರಾಥಮಿಕ. ಅದನ್ನು ಓದಿ ಇನ್ನೊಬ್ಬರು ಬರೆದ ವಿಶ್ಲೇಷಣೆ ದ್ವಿತೀಯಕ. ಎಲ್ಲವನ್ನೂ ಅರೆದು ಗುಳಿಗೆ ಮಾಡಿದ ವಿಶ್ವಕೋಶ ತೃತೀಯಕ. ಇಷ್ಟನ್ನು ವಿದ್ಯಾರ್ಥಿ ಗಿಣಿಯಂತೆ ಒಪ್ಪಿಸಬಲ್ಲ. ಆದರೆ ರಸಾಯನಶಾಸ್ತ್ರ ತಿಳಿಯಲು ಹೊರಟವನಿಗೆ ತೃತೀಯಕವಾದ ಹಳೆಯ ಪಠ್ಯಪುಸ್ತಕವೇ, ಅಂದಿನ ಮಕ್ಕಳಿಗೆ ಏನು ಕಲಿಸುತ್ತಿದ್ದರೆಂದು ಹುಡುಕುವವನಿಗೆ ಪ್ರಾಥಮಿಕ ಆಕರವಾಗುತ್ತದೆ. ಪುಸ್ತಕ ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು. ಇದನ್ನು ಹೇಳಿಕೊಟ್ಟರೆ ವಿದ್ಯಾರ್ಥಿ ತನ್ನ ಪ್ರಶ್ನೆ ಯಾವುದೆಂದು ಯೋಚಿಸತೊಡಗುವ ಅಪಾಯವಿದೆ. ಆದ್ದರಿಂದ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದೇ ಕ್ಷೇಮ.

ವಿಕಿಪೀಡಿಯ ಮಾತ್ರ ಸಂಪೂರ್ಣ ನಿಷಿದ್ಧ. 2001ರಿಂದ ಅದು ಇರುವುದೇ ವಿದ್ಯಾರ್ಥಿಗಳು ಅದನ್ನು ನೋಡಿಲ್ಲವೆಂದು ಹೇಳುವುದಕ್ಕಾಗಿ. ರಾತ್ರಿ ಅದನ್ನು ಓದಿ, ಬೆಳಿಗ್ಗೆ ಅದರ ಅಡಿಟಿಪ್ಪಣಿಗಳನ್ನು ತಮ್ಮದೆಂದು ಬರೆದುಕೊಳ್ಳುವುದು ರೂಢಿ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಅಲ್ಲಿ ಕೊವಾಟಿ ಎಂಬ ಪ್ರಾಣಿಗೆ ‘ಬ್ರೆಜಿಲಿನ ಆರ್ಡ್‌ವಾರ್ಕ್’ ಎಂಬ ಅಡ್ಡಹೆಸರನ್ನು ತಮಾಷೆಗೆ ಸೇರಿಸಿದ. ಆರ್ಡ್‌ವಾರ್ಕ್ ಆಫ್ರಿಕಾದ ಪ್ರಾಣಿ ಎಂಬುದು ಯಾರಿಗೂ ಅಡ್ಡಬರಲಿಲ್ಲ. ಪತ್ರಿಕೆಗಳು ಆ ಹೆಸರನ್ನು ಬಳಸಿದವು. ಬಳಿಕ ವಿಕಿಪೀಡಿಯದ ಆ ಪುಟಕ್ಕೆ ಪುರಾವೆಯಾಗಿ ಪತ್ರಿಕೆಯ ವರದಿಯೇ ಬಂದು ಕುಳಿತಿತು. ಹಾವು ತನ್ನ ಬಾಲವನ್ನೇ ನುಂಗಿ, ಊಟ ಚೆನ್ನಾಗಿತ್ತೆಂದು ರಸೀದಿ ಕೊಟ್ಟಂತೆ.

ಇದು ತಮಾಷೆ ಎನ್ನುವವರಿಗೆ ವಿದ್ವಾಂಸರ ಲೋಕವನ್ನೇ ತೋರಿಸಬೇಕು. ದೊಡ್ಡ ಪ್ರಕಾಶನ ಸಂಸ್ಥೆಯೊಂದು ಆಕರಗಳನ್ನು ಹೇಗೆ ನಮೂದಿಸಬೇಕೆಂದು ಲೇಖಕರಿಗೆ ತೋರಿಸಲು ಒಂದು ಮಾದರಿ ಕೊಟ್ಟಿತ್ತು: ವೈಜ್ಞಾನಿಕ ಲೇಖನ ಬರೆಯುವ ಕಲೆಯ ಬಗ್ಗೆ 2000ದಲ್ಲಿ ಬಂದ ಲೇಖನ, ಪುಟ 51ರಿಂದ 59. ಅಂಥ ಲೇಖನವೂ ಇಲ್ಲ, ಆ ಹೆಸರಿನ ನಿಯತಕಾಲಿಕವೂ ಇಲ್ಲ. ಆದರೂ ಸುಮಾರು 400 ಪ್ರಬಂಧಗಳು ಅದನ್ನು ಉಲ್ಲೇಖಿಸಿರುವುದನ್ನು ಪ್ರಾಧ್ಯಾಪಕಿ ಆನ್-ವಿಲ್ ಹಾರ್ಜಿಂಗ್ 2017ರಲ್ಲಿ ಬರೆದು ತೋರಿಸಿದರು. ನಿಜವಾಗಿ ಬರೆದ, ಬೆವರು ಸುರಿಸಿದ ಎಷ್ಟೋ ಲೇಖನಗಳಿಗೆ ನಾಲ್ಕು ಉಲ್ಲೇಖ ಸಿಗುವುದಿಲ್ಲ. ಬರೆಯದೇ ಇರುವುದು ಎಷ್ಟು ಲಾಭದಾಯಕವೆಂದು ಯುವ ಸಂಶೋಧಕರು ಗಮನಿಸಬೇಕು.

ಅಂದು ಇಲ್ಲದ ಲೇಖನ ಹುಟ್ಟಿಸಲು ಪ್ರಕಾಶಕರಾದರೂ ಬೇಕಿತ್ತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳಿದರೆ ಸಾಕು. ಲೇಖಕ, ಸಂಪುಟ, ಸಂಚಿಕೆ, ಪುಟಸಂಖ್ಯೆ ಸಮೇತ ಇಲ್ಲದ್ದನ್ನೆಲ್ಲ ಸಾಲಾಗಿ ನಿಲ್ಲಿಸಿಕೊಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಇದೇ ದಾರಿ ಹಿಡಿದು, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿ 5,000 ಡಾಲರ್ ದಂಡ ತೆತ್ತರು. ಪಾಪ, ಎದುರು ಪಕ್ಷದವರು ಆ ತೀರ್ಪುಗಳನ್ನು ಹುಡುಕಿ ನೋಡಿಬಿಟ್ಟಿದ್ದರು.

ಮೌಖಿಕ ಪರೀಕ್ಷೆಯ ಕೊಠಡಿಯಲ್ಲಿ ಅಷ್ಟು ಒರಟು ಜನ ಕೂರುವುದಿಲ್ಲ. ಅಲ್ಲಿ ಪರೀಕ್ಷಕರು ಕನ್ನಡಕ ಏರಿಸಿ, ಕೊನೆಯ ಪುಟಗಳನ್ನು ತಿರುವಿ, ಹದಿನೇಳನೆಯ ಆಕರದ ಮೇಲೆ ಬೆರಳಿಟ್ಟು ಗಂಭೀರವಾಗಿ ಕೇಳುತ್ತಾರೆ: “ಇಸವಿಯ ಮುಂದೆ ಅಲ್ಪವಿರಾಮ ಏಕೆ ಹಾಕಿಲ್ಲ?”